ಮೊದಲು ತಂತಿ ಓಡಲಿ, ಬೆಸುಗೆ ಆಮೇಲೆ

ನಮ್ಮ ಹುಬ್ಬಳ್ಳಿ-ಧಾರವಾಡ ಸೀಮೆಯ ಹಳ್ಳಿಗಳಿಗೆ ಈಚೆಗೆ ಸಣ್ಣ ತಂತಿ ವೆಲ್ಡಿಂಗ್ ಮಷಿನ್ ಬರಾಕ ಹತ್ಯಾವ. ಗ್ಯಾಸ್ ಸಿಲಿಂಡರ್ ಬೇಡ. ತಂತಿ ಒಳಗೆ ಪೊಳ್ಳು, ಆ ಪೊಳ್ಳಿನಲ್ಲಿ ಫ್ಲಕ್ಸ್ ಪುಡಿ ತುಂಬಿರುತ್ತಾರೆ. ಅದಕ್ಕೇ ಫ್ಲಕ್ಸ್ ಕೋರ್ ಎಂಬ ಹೆಸರು. ಉರಿಯುವಾಗ ಆ ಪುಡಿಯೇ ಹೊಗೆಯಾಗಿ ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಗ್ಯಾಸಿನ ವೆಲ್ಡಿಂಗ್ ಆದರೆ ಬಯಲಿನಲ್ಲಿ ಗಾಳಿ ಬೀಸಿದರೆ ಕೆಡುತ್ತದೆ, ಇದು ಅಷ್ಟು ಕೆಡುವುದಿಲ್ಲ. ಹೊಲದ ಬದುವಿನಲ್ಲಿ ಕೂತು ಕೆಲಸ ಮಾಡುವ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು.

ಆದರೂ ನಮ್ಮೂರಿಗೆ ಬಂದ ಮೂರು ಮಷಿನಿನಲ್ಲಿ ಎರಡು ಅಟ್ಟ ಸೇರ್ಯಾವ. ಕೇಳಿದರೆ ಎಲ್ಲರದೂ ಒಂದೇ ಮಾತು, 'ತಂತಿ ಓಡೂದಿಲ್ಲರೀ.' ನನ್ನ ಅಭಿಪ್ರಾಯದಲ್ಲಿ ಮಷಿನ್ ಕೆಟ್ಟಿಲ್ಲ, ಕಲಿಸುವ ರೀತಿ ಕೆಟ್ಟದ. ಕೊಡುವವರು ಬೆಸುಗೆ ಎಳೆಯುವುದನ್ನು ತೋರಿಸಿ ರೊಕ್ಕ ಎಣಿಸಿಕೊಳ್ಳುತ್ತಾರೆ. ತಂತಿ ಬರುವ ದಾರಿಯನ್ನು ಯಾರೂ ತೋರಿಸುವುದಿಲ್ಲ.

ಇದು ಸಣ್ಣ ಮಾತಲ್ಲ. ಹೋದ ಮುಂಗಾರಿಯಲ್ಲಿ ಹೆಸರು ಬಿತ್ತುವ ಹದ ಬಂದಾಗ ನಮ್ಮ ಓಣಿಯ ಹುಡುಗನೊಬ್ಬನ ಟ್ರ್ಯಾಕ್ಟರ್ ಕೂರಿಗಿಯ ಕಾಳಿನ ಪೆಟ್ಟಿಗೆ ಬಿರಿಯಿತು. ಮನೆಯಲ್ಲೇ ಮಷಿನ್ ಇತ್ತು. ತಂತಿ ಎರಡು ಇಂಚು ಬಂದು ನಿಂತಿತು. ಪೇಟೆಯ ಒಂದು ಅಂಗಡಿಗೆ ಒಯ್ದ. ಅಲ್ಲಿ 'ಒಳಗಿನ ಬೋರ್ಡ್ ಸುಟ್ಟದ, ಬಿಟ್ಟು ಹೋಗು' ಅಂದರಂತೆ. ಎರಡು ದಿನ ಹೋಯಿತು. ಎರಿ ಹೊಲದ ಹದ ಎರಡು ದಿನ ಕಾಯ್ತದೇನು? ಮೂರನೇ ದಿನ ಮಷಿನ್ ವಾಪಸ್ ತಂದು, 'ಕಾಕಾ, ನೀವರೆ ಒಮ್ಮೆ ನೋಡ್ರಿ' ಅಂದ. ಬೋರ್ಡಿಗೆ ಏನೂ ಆಗಿರಲಿಲ್ಲ. ಗನ್ನಿನ ತುದಿಯ ತಾಮ್ರದ ಟಿಪ್ಪಿನೊಳಗೆ ತಂತಿ ಕರಗಿ ಅಂಟಿತ್ತು. ಹೊಸ ಟಿಪ್ ಹಾಕಿದ ಮೇಲೆ ಓಡಿತು. ಒಂದು ಪ್ಲೇಟ್ ಮಿರ್ಚಿ-ಗಿರಮಿಟ್ಟಿನ ಖರ್ಚಿನ ಸಾಮಾನಿಗೆ ಒಂದು ಬಿತ್ತಿಗಿಯ ಹದ ಹೋಯಿತು.

ನಾವು ಎಣ್ಣೆ ಹೊಡೆಯುವ ಪಂಪ್ ನಿಂತರೆ ಏನು ಮಾಡ್ತೀವಿ? ಮೊದಲು ನಾಜಲ್ ಬಿಚ್ಚುತ್ತೇವೆ. ಆಮೇಲೆ ಪೈಪು, ಆಮೇಲೆ ಜಾಳಿಗಿ, ಕಡೆಗೆ ಟ್ಯಾಂಕು. ಯಾರೂ ಮೊದಲಿಗೇ ಎಂಜಿನ್ ಬಿಚ್ಚೂದಿಲ್ಲ. ತಂತಿ ಮಷಿನಿಗೂ ಅದೇ ಲೆಕ್ಕ, ತುದಿಯಿಂದ ಹಿಂದಕ್ಕೆ ಬರಬೇಕು.

ಅರ್ಥ್ ಕ್ಲ್ಯಾಂಪ್ ತೆಗೆದಿಡಿ, ಕನ್ನಡಕ ಹಾಕಿ, ಗನ್ ಮುಖದ ಕಡೆ ಹಿಡಿಯಬೇಡಿ. ಟಿಪ್ ಬಿಚ್ಚಿ ಟ್ರಿಗರ್ ಒತ್ತಿ. ತಂತಿ ಸರಾಗ ಬಂದರೆ ತಪ್ಪು ಟಿಪ್ಪಿನದೇ. ತೂತು ಮುಚ್ಚಿರಬೇಕು, ಇಲ್ಲವೇ 0.9 ಮಿ.ಮೀ. ತಂತಿಗೆ 0.8ರ ಟಿಪ್ ಹಾಕಿರಬೇಕು. ಟಿಪ್ ಬಿಚ್ಚಿದರೂ ಬರಲಿಲ್ಲವೆಂದರೆ ಗನ್ನಿನ ಕೇಬಲ್ ನೇರ ಮಾಡಿ ನೋಡಿ. ಹಗ್ಗದಂತೆ ಸುತ್ತಿ ಇಟ್ಟರೆ ಒಳಗಿನ ಲೈನರಿನಲ್ಲಿ ತಂತಿ ಉಜ್ಜಿ ನಿಲ್ಲುತ್ತದೆ. ಆಮೇಲೆ ಮಷಿನ್ ಬಂದ್ ಮಾಡಿ, ರೋಲರ್ ಒತ್ತುವ ತೋಳು ಎತ್ತಿ, ಗನ್ನಿನ ತುದಿಯಿಂದ ತಂತಿಯನ್ನು ಕೈಯಿಂದ ಎಳೆಯಿರಿ. ಹಗುರಾಗಿ ಬಂದರೆ ತಪ್ಪು ರೋಲರಿನದು. ಬಿಗಿ ಇದ್ದರೆ ಲೈನರಿನದು, ಇಲ್ಲವೇ ಸುರುಳಿ ಕೂತ ಅಚ್ಚಿನದು. ನಮ್ಮ ಎರಿ ಮಣ್ಣಿನ ಧೂಳು ಲೈನರಿಗೆ ಬಲು ಕೆಟ್ಟದ್ದು. ತಂತಿ ತೆಗೆದು ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಕು. ಎಣ್ಣೆ ಬಿಡಬಾರದು. ಧೂಳೆಲ್ಲ ಅದಕ್ಕೆ ಹತ್ತಿಕೊಂಡು ಕೆಸರಾಗುತ್ತದೆ.

ರೋಲರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಬಹಳ ಮಂದಿ ಸೋಲುವುದು ಇಲ್ಲೇ. ಪೊಳ್ಳು ತಂತಿ ಮೆತ್ತಗಿರುತ್ತದೆ. ಅದಕ್ಕೆ ಹಲ್ಲು ಹಲ್ಲಾಗಿ ಗೀರಿದ ರೋಲರ್ ಬೇಕು. ಗಟ್ಟಿ ತಂತಿಯ ನುಣುಪಾದ ರೋಲರಿನಲ್ಲಿ ಅದು ಜಾರುತ್ತದೆ. ಜಾರಿತೆಂದು ಸ್ಕ್ರೂ ತಿರುವಿ ತಿರುವಿ ಬಿಗಿ ಮಾಡಿದರೆ ತಂತಿ ಚಪ್ಪಟೆಯಾಗಿ ಒಳಗಿನ ಪುಡಿ ಉದುರುತ್ತದೆ. ಚಪ್ಪಟೆ ತಂತಿ ಟಿಪ್ಪಿನಲ್ಲಿ ಸಿಗುತ್ತದೆ. ಹಿಂದಿನಿಂದ ರೋಲರ್ ದೂಡುತ್ತಲೇ ಇರುತ್ತದೆ. ಆಗ ರೋಲರಿಗೂ ಲೈನರಿಗೂ ನಡುವೆ ತಂತಿ ಸಿಕ್ಕುಗಟ್ಟಿ, ಬಿಚ್ಚಿದ ನೂಲಿನ ಲಡಿಯಂತಾಗುತ್ತದೆ. ಅದನ್ನು ಕತ್ತರಿಸಿ ಒಗೆಯಬೇಕು, ಬಿಡಿಸಿ ಮತ್ತೆ ಬಳಸಬಾರದು. ಎಷ್ಟು ಬಿಗಿ ಬೇಕೆಂದು ನೋಡಲು ಸ್ಕ್ರೂ ಪೂರಾ ಸಡಿಲು ಮಾಡಿ, ಒಣ ಕಟ್ಟಿಗೆ ಹಲಗೆಯಿಂದ ಎರಡು ಇಂಚು ದೂರ ಗನ್ ಓರೆಯಾಗಿ ಹಿಡಿದು ಟ್ರಿಗರ್ ಒತ್ತಿ. ತಂತಿ ಹಲಗೆಗೆ ತಾಗಿ ನಿಂತು ಒಳಗೆ ರೋಲರ್ ಜಾರಿದರೆ ತುಸು ತುಸು ಬಿಗಿ ಮಾಡಿ. ತಾಗಿದ ಮೇಲೂ ನಿಲ್ಲದೆ ಬಾಗಿಕೊಂಡು ಹೊರಗೆ ಬಂದರೆ ಸಾಕು, ಅಲ್ಲಿಗೆ ಕೈ ತೆಗೆಯಿರಿ.

ಸುರುಳಿಯ ಅಚ್ಚಿನ ನಟ್ಟಿಗೂ ಹದ ಬೇಕು. ಟ್ರಿಗರ್ ಬಿಟ್ಟ ಕೂಡಲೇ ಸುರುಳಿ ನಿಲ್ಲಬೇಕು. ನಿಲ್ಲದೆ ತಿರುಗಿದರೆ ಸುತ್ತು ಸಡಿಲಾಗಿ ಒಂದರ ಮೇಲೊಂದು ಬೀಳ್ತಾವ. ಅತಿ ಬಿಗಿಯಾದರೆ ರೋಲರ್ ಎಳೆಯಲಾರದು.

ಇನ್ನು ತಂತಿಯದೇ ತಪ್ಪು ಅನ್ನಿಸುವ, ಆದರೆ ತಂತಿಯದಲ್ಲದ ಎರಡು ತೊಂದರೆ ಇವೆ. ಗ್ಯಾಸಿಲ್ಲದ ತಂತಿಗೆ ಗನ್ ಮೈನಸ್ಸಿಗೆ, ಅರ್ಥ್ ಕ್ಲ್ಯಾಂಪ್ ಪ್ಲಸ್ಸಿಗೆ ಇರಬೇಕು. ಅದಲು ಬದಲಾದರೆ ಕಿಡಿ ಚಿಟಪಟ ಸಿಡಿದು, ತಂತಿ ತಡೆದು ತಡೆದು ಬಂದಂತೆ ಕಾಣ್ತದ. ಎರಡನೆಯದು ನಮ್ಮ ಕರೆಂಟು. ಊರಿನಲ್ಲಿ ಗಿರಣಿ ಓಡುವ ಹೊತ್ತಿನಲ್ಲಿ, ಹಿತ್ತಲ ತನಕ ಸಣ್ಣ ವೈರ್ ಎಳೆದು ಹಚ್ಚಿದರೆ ವೋಲ್ಟೇಜ್ ಇಳಿದು, ತಂತಿ ಕರಗದೆ ಕಬ್ಬಿಣಕ್ಕೆ ಗುದ್ದಿ ಗನ್ನನ್ನು ಹಿಂದಕ್ಕೆ ತಳ್ಳುತ್ತದೆ. ತಂತಿಯ ವೇಗ ಕಡಿಮೆ ಮಾಡಿ ಉಪಯೋಗವಿಲ್ಲ, ದಪ್ಪ ವೈರು ಬೇಕು. ಎಲ್ಲ ಸರಿ ಇದ್ದಾಗ ಕಾದ ಎಣ್ಣೆಗೆ ಮಿರ್ಚಿ ಬಿಟ್ಟಾಗಿನ ಸಪ್ಪಳ ಬಿಡದೆ ಒಂದೇ ಸಮ ಬರ್ತದ.

'ರಾಡ್ ಇರುವಾಗ ಈ ತಂತಿ ಯಾಕ ಬೇಕು?' ಅನ್ನುವ ಹಿರಿಯರೂ ಇದ್ದಾರೆ. ಅವರ ಮಾತು ಅರ್ಧ ಖರೆ. ಕುಂಟಿಯ ತಾಳು, ಟ್ರೇಲರಿನ ಚಾಸಿಯಂಥ ದಪ್ಪ ಕೆಲಸಕ್ಕೆ ರಾಡೇ ಒಳ್ಳೇದು. ಆದರೆ ಕೂರಿಗಿಯ ಪೆಟ್ಟಿಗೆ, ಟ್ರ್ಯಾಕ್ಟರಿನ ಮಡ್‌ಗಾರ್ಡಿನಂಥ ತೆಳು ತಗಡಿಗೆ ರಾಡ್ ಹಚ್ಚಿದರೆ ತೂತು ಬೀಳೂದೇ ಹೆಚ್ಚು.

ಇದನ್ನು ಕಲಿಯಲು ಎಲ್ಲಿಗೆ ಹೋಗಬೇಕು? ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಅದ, ಒಂದು ವರ್ಷದ್ದು. ಅದಕ್ಕೆ ಎಂಟನೆಯ ತರಗತಿ ಪಾಸಾಗಿರಬೇಕು. ನಾನು ಏಳನೆತ್ತೆ ಕಲಿತವ, ವಯಸ್ಸು ಐವತ್ತು ದಾಟಿದೆ. ನನ್ನಂಥವರಿಗೆ ವರ್ಷದ ಕೋರ್ಸೂ ಬೇಡ, ಸರ್ಟಿಫಿಕೇಟೂ ಬೇಡ. ಒಂದು ದಿನ ಸಾಕು. 1986ರಲ್ಲಿ ಆರಂಭವಾದ ನಮ್ಮ ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲಿ ಕೃಷಿ ಮೇಳ ನಡೆಸುತ್ತದೆ, ಲಕ್ಷಗಟ್ಟಲೆ ಮಂದಿ ಸೇರುತ್ತಾರೆ. ಅಲ್ಲಿ ಒಂದು ಟೇಬಲ್ ಹಾಕಿ, ಮಷಿನಿನ ಬಾಗಿಲು ತೆಗೆದು, ತಂತಿ ಪೋಣಿಸಿ ಓಡಿಸುವುದನ್ನು ರೈತನ ಕೈಯಿಂದಲೇ ಮಾಡಿಸಲಿ. ಬೆಸುಗೆಯನ್ನು ನಾವು ಮನೆಯಲ್ಲಿ ಹಳೇ ಕಬ್ಬಿಣದ ಮೇಲೆ ಕಲಿತೀವಿ.

ಕೊಳ್ಳುವವರಿಗೂ ಒಂದು ಮಾತು. ಅಂಗಡಿಯಲ್ಲೇ ತಂತಿ ಪೂರಾ ಹೊರಗೆ ಎಳೆಸಿ, ಮತ್ತೆ ನಿಮ್ಮ ಕೈಯಿಂದಲೇ ಪೋಣಿಸಿ, ಒಂದು ಮಾರು ಓಡಿಸಿ ನೋಡಿದ ಮೇಲೆ ರೊಕ್ಕ ಕೊಡಿ. 'ಮನಿಗೆ ಹೋಗಿ ನೋಡ್ಕೋರಿ' ಅಂದರೆ ಬೇರೆ ಅಂಗಡಿಗೆ ನಡೀರಿ. ತಂತಿಯ ಅಳತೆಯ ಐದಾರು ಟಿಪ್ ಜೊತೆಗೇ ತಗೊಳ್ಳಿ. ಮಳೆಗಾಲದಲ್ಲಿ ಸುರುಳಿಯನ್ನು ಮಷಿನಿನಲ್ಲೇ ಬಿಟ್ಟರೆ ಜಂಗು ಹಿಡಿಯುತ್ತದೆ. ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮುಚ್ಚಳದ ಡಬ್ಬಿಯಲ್ಲಿ ಇಡಿ. ಜೂನ್ 8ರ ಸುಮಾರಿಗೆ ಮಿರಗ ಕೂಡುತ್ತದೆ. ಅದಕ್ಕೆ ಒಂದು ವಾರ ಮೊದಲೇ ಅಟ್ಟದ ಮೇಲಿನ ಮಷಿನ್ ಇಳಿಸಿ ಒಮ್ಮೆ ತಂತಿ ಓಡಿಸಿ ನೋಡಿರಿ.