ಹೆಣ್ಣುಗರುವಿಗೆ ಒಂದು ಹೆಸರು

ಕೊಟ್ಟಿಗೆಯಲ್ಲಿ ಹೆಣ್ಣುಗರು ಹುಟ್ಟಿದೊಡನೆ ಮನೆಯವರು ಹೆಸರು ಹುಡುಕತೊಡಗುತ್ತಾರೆ. ಗಂಡುಗರು ನೊಗಕ್ಕೋ ಸಂತೆಗೋ ಹೋಗುವುದು. ಹೆಣ್ಣು ಮನೆಯಲ್ಲಿಯೇ ಉಳಿದು, ಹಾಲು ಕೊಟ್ಟು, ಬೆಳಗೂ ಬೈಗೂ ಕರೆಸಿಕೊಳ್ಳುವುದು. ಆದಕಾರಣ ಅದರ ಹೆಸರು ನಾಲಗೆಗೆ ಹಗುರವಾಗಿಯೂ ಕಿವಿಗೆ ಇಂಪಾಗಿಯೂ ಇರಬೇಕೆಂಬ ಬಯಕೆ ಸಹಜ.

ಕಂಬಂ ಕಣಿವೆಯಲ್ಲಿ ಈ ಆಯ್ಕೆಗೆ ಮತ್ತೊಂದು ಹೊಣೆಯೂ ಸೇರಿಕೊಳ್ಳುತ್ತದೆ. ತೇನಿ, ದಿಂಡಿಗಲ್ ಸೀಮೆಯಲ್ಲಿ ಕಪ್ಪಿಲಿಯರೆಂದು ಹೆಸರಾದ ಒಕ್ಕಲಿಗರ ಮನೆಮಾತು ಕನ್ನಡ, ಓದುಬರಹ ತಮಿಳಿನಲ್ಲಿ. ಲಿಪಿಯ ಆಸರೆಯಿಲ್ಲದ ನುಡಿ ದನಕರುಗಳ ಸುತ್ತ ಉಳಿದುಕೊಂಡ ಬಗೆಗೆ ಹಳೆಯ ಸಾಕ್ಷ್ಯವೇ ಇದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಗ್ರಂಥವು ಕಂಬಂನ ಪವಿತ್ರ ಹಿಂಡನ್ನು ‘ದೇವರ ಆವು’ ಎಂದೂ ಹಿಂಡಿನ ಅರಸನಾದ ಹೋರಿಯನ್ನು ‘ಪಟ್ಟದ ಆವು’ ಎಂದೂ ದಾಖಲಿಸಿದೆ. ಅರಸು ಸತ್ತರೆ ಹಿಂಡಿನ ಮುಂದೆ ಕಬ್ಬನ್ನಿಡುವರು. ಮೊದಲು ಬಾಯಿಹಾಕಿದ ಹೋರಿಗೆ ಪಟ್ಟ. ‘ಆವು’ ಎಂಬುದು ಹಳಗನ್ನಡದ ಮಾತು. ಕರ್ನಾಟಕದ ನಗರವಾಸಿಗಳಿಗೆ ಅದು ನಿಘಂಟಿನಲ್ಲಿ ಸಿಕ್ಕರೆ ಹೆಚ್ಚು.

ಗಂಗೆ, ಗೌರಿ, ತುಂಗೆ ಮುಂತಾದ ಹೆಸರುಗಳ ಚೆಲುವು ಅರ್ಥದಲ್ಲಿಯೂ ಇದೆ. ಗೌರಿ ಎಂದರೆ ಹೊಂಬಿಳುಪಿನವಳು. ತಿಳಿಬಣ್ಣದ ಕರುವಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಆದರೆ ಹೆಚ್ಚಿನ ಚೆಲುವು ಕೊನೆಯ ಸ್ವರದಲ್ಲಿದೆ. ಸಂಸ್ಕೃತದ ‘ಗಂಗಾ’ ತಮಿಳಿನಲ್ಲಿ ‘ಐ’ಕಾರದಿಂದ ಮುಗಿದರೆ ಕನ್ನಡದಲ್ಲಿ ‘ಎ’ಕಾರದಿಂದ ಮುಗಿಯುತ್ತದೆ. ದೂರದ ಹುಲ್ಲುಗಾವಲಿನಿಂದ ಕರೆಯುವಾಗ ಅದು ‘ಗಂಗೇ’ ಎಂದು ತಾನಾಗಿ ನೀಳವಾಗುತ್ತದೆ. ಗೋವಿನ ಹಾಡಿನ ಕಾಳಿಂಗಗೊಲ್ಲನು ಹಸುಗಳನ್ನು ಹೆಸರು ಹಿಡಿದು ಕರೆಯುವ ಭಾಗವು ಮಕ್ಕಳಿಗೆ ಬೇಗ ಬಾಯಿಗೆ ಬರುವುದಕ್ಕೆ ಈ ನೀಳಸ್ವರವೂ ಕಾರಣವಿರಬೇಕು. ತಮಿಳು ಬರಹದಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ಅಲ್ಲಿ ಓದುವ ಮಗುವಿಗೆ ಅವುಗಳ ಭೇದವನ್ನು ಪಾಟಿಗಿಂತ ಮೊದಲು ಕೊಟ್ಟಿಗೆಯೇ ಕಲಿಸಬಲ್ಲದು.

ನಾಯಿಯ ಮಾತು ಬೇರೆ. ಇದೇ ಕಣಿವೆಯ ಕೊಂಬೈ ಊರು ತನ್ನ ಹೆಸರನ್ನು ಒಂದು ಪ್ರಸಿದ್ಧ ನಾಯಿತಳಿಗೆ ಕೊಟ್ಟಿದೆ: ಕೆಂಗಂದು ಮೈ, ಕಪ್ಪು ಮೂತಿ. ಅಂಥ ಹೆಣ್ಣುಮರಿಗೆ ‘ಕೆಂಚಿ’ ಎಂಬ ಹೆಸರು ಸಾಕು. ನೆರೆಯ ತಮಿಳು ರೈತರು ಕೆಂಪು ದನವನ್ನು ‘ಸೆವಲೈ’ ಎನ್ನುತ್ತಾರೆ. ಎರಡು ಮಾತುಗಳೂ ಒಂದೇ ಬೇರಿನವು, ಮೂಲದ ಕಕಾರ ಕನ್ನಡದಲ್ಲಿ ಉಳಿದಿದೆ. ಈಗ ಎಲ್ಲೆಡೆ ಕೇಳಿಬರುವ ‘ಟೈಗರ್’, ‘ಜಿಮ್ಮಿ’ಗಳಲ್ಲಿ ಈ ನೆಂಟಸ್ತಿಕೆಯ ಸುಳಿವೂ ಇಲ್ಲ.

ಕಂಬಂ ಸಮೀಪದ ಜಲಪಾತದ ಹೆಸರಾದ ‘ಸುರುಳಿ’ಯೂ ಮೋಹಕವೇ, ಎರಡೂ ನುಡಿಗಳಲ್ಲಿ ಅರ್ಥ ಒಂದೇ, ಬಾಲ ಸುತ್ತಿಕೊಂಡ ಮರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಆ ಸೀಮೆಯಲ್ಲಿ ಸುರುಳಿ ಎಂಬುದು ಗಂಡಸರ ಹೆಸರು ಕೂಡ. ಅದನ್ನು ಮರಿಗೆ ಇಡಬಯಸುವವರು ಮೊದಲು ಎದುರುಮನೆಯ ಯಜಮಾನರ ಹೆಸರನ್ನು ವಿಚಾರಿಸಿಕೊಳ್ಳುವುದು ಲೇಸು.