ಹಾಡು ಸಾಕ್ಷಿಯಲ್ಲವೇ?

ಹಾಡಿನಲ್ಲಿ ಇಸವಿಯಿಲ್ಲ, ಆದುದರಿಂದ ಅದು ಚರಿತ್ರೆಯಲ್ಲ ಎಂದು ತೀರ್ಪು ಕೊಡುವ ಪಂಡಿತರಿಗೆ ಕನ್ನಡನಾಡಿನಲ್ಲಿ ಕೊರತೆಯಿಲ್ಲ. ಸರಕಾರದ ಕಡತವನ್ನು ಕಣ್ಣಿಗೊತ್ತಿಕೊಳ್ಳುವ ಈ ಮಹನೀಯರು ಪಾಡ್ದನ, ಲಾವಣಿಗಳನ್ನು ಕಟ್ಟುಕತೆಯೆಂದು ತಳ್ಳುತ್ತಾರೆ. ಹಾಡನ್ನು ಕಳೆದುಕೊಂಡ ಸೀಮೆಗೆ ಏನಾಗುತ್ತದೆಂಬುದನ್ನು ಅವರು ಸುಳ್ಯ, ಪುತ್ತೂರುಗಳಲ್ಲಿ ನೋಡಬೇಕು.

೧೮೩೪ರಲ್ಲಿ ಕೊಡಗಿನ ಅರಸೊತ್ತಿಗೆಯನ್ನು ಕಿತ್ತ ಕಂಪೆನಿಯು ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯವಾಗಿ ಸಲ್ಲುತ್ತಿದ್ದ ಕಂದಾಯವನ್ನು ನಾಣ್ಯದಲ್ಲಿಯೇ ತೆರಬೇಕೆಂದಿತು. ಕಣಜದಲ್ಲಿ ಭತ್ತವಿದ್ದೂ ಕೈಯಲ್ಲಿ ರೊಕ್ಕವಿಲ್ಲದ ರೈತನು ೧೮೩೭ರಲ್ಲಿ ದಂಗೆಯೆದ್ದನು. ಕೆದಂಬಾಡಿ ರಾಮಯ್ಯಗೌಡನೇ ಮೊದಲಾದವರು ಪುಟ್ಟಬಸಪ್ಪನನ್ನು ಕಲ್ಯಾಣಸ್ವಾಮಿಯೆಂದು ಮುಂದಿಟ್ಟುಕೊಂಡು ಹೊರಟರು. ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಏಪ್ರಿಲ್ ೫ರಂದು ಮಂಗಳೂರನ್ನು ಹೊಕ್ಕರು. ಎರಡು ವಾರ ತುಂಬುವುದರೊಳಗೆ ಆ ಆಳಿಕೆ ಮುಗಿಯಿತು. ಪುಟ್ಟಬಸಪ್ಪನಿಗೆ ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯಗೌಡನಿಗೆ ಮಡಿಕೇರಿಯಲ್ಲಿ ನೇಣಾಯಿತು.

ಇಷ್ಟೆಲ್ಲಕ್ಕೂ ಜನರ ಬಾಯಲ್ಲಿ ಉಳಿದ ಹೆಸರಾವುದು? 'ಕಲ್ಯಾಣಪ್ಪನ ಕಾಟಕಾಯಿ'! ಸೂರೆ, ಉಪದ್ರವ ಎಂಬ ಧ್ವನಿಯುಳ್ಳ ಈ ಮಾತು ಗೆದ್ದವರಿಗೆ ಒಪ್ಪುವ ಮಾತು, ನೇಣಿಗೇರಿದವರ ಮಾತಲ್ಲ.

ಸಂಗೊಳ್ಳಿ ರಾಯಣ್ಣನೂ ಕಂಪೆನಿಯ ಕಣ್ಣಿಗೆ ಬರಿಯ ದಂಗೆಕೋರನು. ಅವನಿಗೂ ೧೮೩೧ರಲ್ಲಿ ನೇಣೇ ಆಯಿತು. ಆದರೆ ಅವನನ್ನು ಕಳ್ಳನೆನ್ನುವ ಕನ್ನಡಿಗನುಂಟೇ? ಲಾವಣಿಕಾರರು ಅವನ ಪಕ್ಷದ ಸಾಕ್ಷಿ ನುಡಿದರು. ೧೮೮೫ರಲ್ಲಿ ಆ ಲಾವಣಿಯನ್ನು ಅಚ್ಚಿಗಿಳಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ! ಅಮರಸುಳ್ಯದ ದಂಗೆಗೆ ಅಷ್ಟು ಪ್ರಸಿದ್ಧವಾದ ಹಾಡಿನ ಭಾಗ್ಯ ದೊರೆಯಲಿಲ್ಲ.

ಹಾಡು ಉತ್ಪ್ರೇಕ್ಷಿಸುತ್ತದೆಯೆಂದು ಆಕ್ಷೇಪಿಸಬಹುದು. ಉತ್ಪ್ರೇಕ್ಷಿಸಲಿ, ಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಪಡಿಸುವುದು ನ್ಯಾಯ, ಕಟಕಟೆಗೇ ಬಾರದಂತೆ ತಡೆಯುವುದು ಅನ್ಯಾಯ. ಕೋಟಿ ಚೆನ್ನಯರ ಪಾಡ್ದನದಲ್ಲಿ ಇಸವಿಯಿಲ್ಲ ನಿಜ. ಆದರೆ ಪಡುಮಲೆಯ ಗದ್ದೆಯ ನೀರಿಗಾಗಿ ಎದ್ದ ಜಗಳ, ಮಾತಿಗೆ ತಪ್ಪಿದ ಬಲ್ಲಾಳ, ಎಣ್ಮೂರಿನ ಕಾಳಗ ಇವೆಲ್ಲ ಅದರಲ್ಲಿವೆ. ಒಡೆಯನಿಗೂ ಒಕ್ಕಲಿಗೂ ನಡುವೆ ಇದ್ದ ಸಂಬಂಧವನ್ನು ಯಾವ ಶಾಸನವು ಇಷ್ಟು ಬಿಡಿಸಿ ಹೇಳೀತು?

೨೦೨೨ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡನ ಪ್ರತಿಮೆ ನಿಂತಿತು, ಸಂತೋಷವೇ. ಆದರೆ ಕಂಚು ಮಾತನಾಡದು. ಬೆಳ್ಳಾರೆ, ಸುಳ್ಯ, ಕಡಬಗಳ ಹಳ್ಳಿಗಳಲ್ಲಿ ಹಿರಿಯರ ನಾಲಗೆಯ ಮೇಲೆ ಅರೆಪದವೊಂದು ಉಳಿದಿದ್ದರೂ ಅದನ್ನು ತಿದ್ದದೆ, ಹಾಡಿದಂತೆಯೇ ಬರೆದಿಡುವುದು ಸಾಹಿತ್ಯಾಭಿಮಾನಿಗಳ ಇಂದಿನ ಕರ್ತವ್ಯ. ಹಾಡುವವರು ಹೋದ ಮೇಲೆ ಉಳಿಯುವುದು ಕಡತವೊಂದೇ. ಒಂದೇ ಪಕ್ಷದ ಸಾಕ್ಷಿಯಿಂದ ಬರೆದ ತೀರ್ಪು ಚರಿತ್ರೆಯೆನಿಸದು.