ಹನ್ನೆರಡು ಮಂದಿಯ ಶುಕ್ರವಾರ ಕೂಟ

1727ರ ಶರತ್ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ಕೂಟ ಹುಟ್ಟಿತು. ಹುಟ್ಟುಹಾಕಿದವನು ಅಚ್ಚುಕೂಟವೊಂದರಲ್ಲಿ ದುಡಿಯುತ್ತಿದ್ದ 21ರ ಹರೆಯದ ಬೆಂಜಮಿನ್ ಫ್ರಾಂಕ್ಲಿನ್. ಗಾಳಿಪಟ ಮತ್ತು ಸಿಡಿಲಿನ ಕತೆಯ ಜೊತೆ ಶಾಲಾ ಪುಸ್ತಕಗಳಲ್ಲಿ ಬರುವ ಅದೇ ಫ್ರಾಂಕ್ಲಿನ್. ಕೂಟದ ಹೆಸರು ‘ಜುಂಟೊ’. ಸೇರುತ್ತಿದ್ದುದು ಶುಕ್ರವಾರ ಸಂಜೆ. ಸದಸ್ಯರಲ್ಲಿ ಒಬ್ಬ ಕಿಟಕಿಗೆ ಗಾಜು ಕೂರಿಸುವವ, ಒಬ್ಬ ಬಡಗಿ, ಒಬ್ಬ ಚಪ್ಪಲಿ ಹೊಲಿಯುವ ಕೆಲಸ ಕಲಿತವ, ಒಬ್ಬ ಜಮೀನು ಅಳೆಯುವವ, ಒಬ್ಬ ದಸ್ತಾವೇಜಿನ ನಕಲು ಬರೆಯುವವ, ಒಬ್ಬ ವರ್ತಕನ ಬಳಿ ಗುಮಾಸ್ತ, ಉಳಿದ ಕೆಲವರು ಅಚ್ಚುಕೂಟದ ಕೆಲಸಗಾರರು. ಕೈಕೆಲಸದವರೇ ಹೆಚ್ಚಾಗಿದ್ದುದರಿಂದ ‘ಚರ್ಮದ ಏಪ್ರನ್ನಿನವರ ಕೂಟ’ ಎಂಬ ಅಡ್ಡಹೆಸರೂ ಇತ್ತು.

ತಿಳಿದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಕೂಟದ ಉದ್ದೇಶ. ಆದರೆ ಅಲ್ಲಿಗೆ ಯಾರು ಬೇಕಾದರೂ ಬರುವಂತಿರಲಿಲ್ಲ. ಸದಸ್ಯರು ಹನ್ನೆರಡೇ ಮಂದಿ. ಇಂಥದೊಂದು ಕೂಟ ಇದೆ ಎಂಬುದನ್ನೇ ಹೊರಗೆ ಹೇಳುವಂತಿರಲಿಲ್ಲ. ಸುದ್ದಿ ಹಬ್ಬಿದರೆ ತಕ್ಕವರಲ್ಲದವರೂ ಸೇರಿಸಿಕೊಳ್ಳಿ ಎಂದು ಬರುತ್ತಾರೆ, ಅವರಲ್ಲಿ ಕೆಲವರಿಗೆ ಆಗದು ಎನ್ನಲು ದಾಕ್ಷಿಣ್ಯ ಅಡ್ಡ ಬರುತ್ತದೆ ಎಂದು ಫ್ರಾಂಕ್ಲಿನ್ ತನ್ನ ಆತ್ಮಕತೆಯಲ್ಲಿ ಕಾರಣ ಕೊಟ್ಟಿದ್ದಾನೆ. ದಾಕ್ಷಿಣ್ಯಕ್ಕೆ ಬಸಿರಾಗುವ ಕಷ್ಟ ಎಲ್ಲ ಊರಿನ ಸಂಘ ಸಂಸ್ಥೆಗಳಿಗೂ ಗೊತ್ತಿರುವುದೇ.

ಜ್ಞಾನ ಹಂಚುವವರು ಬಾಗಿಲು ಮುಚ್ಚಿ ಕೂರುವುದು ಸರಿಯೇ? ಹಂಚುವುದಾದರೆ ಸಂತೆಯಲ್ಲೇ ಹಂಚಬಾರದೇ? ಈ ಪ್ರಶ್ನೆ ಹಳೆಯದು. ಇಂದು ಗಲ್ಲಿಗೊಂದು, ಊರಿಗೊಂದು, ಬೆಳೆಗೊಂದು ವಾಟ್ಸಾಪ್ ಗುಂಪು ಕಟ್ಟುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಫಿಲಡೆಲ್ಫಿಯಾದವರು ಇದನ್ನು ಹೇಗೆ ಬಿಡಿಸಿದರು, ಎಲ್ಲಿ ಎಡವಿದರು ಎಂದು ನೋಡಿದರೆ ಪಾಠಗಳು ಸಿಗುತ್ತವೆ.

ಮೊದಲು ಸೇರ್ಪಡೆಯ ರೀತಿ. ಹೊಸಬ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಇಲ್ಲಿರುವ ಸದಸ್ಯರಲ್ಲಿ ಯಾರ ಬಗೆಗಾದರೂ ಅಸಡ್ಡೆ ಇದೆಯೇ? ಕಸುಬು, ಮತ ಯಾವುದೇ ಇರಲಿ, ಮನುಷ್ಯರೆಂದರೆ ಪ್ರೀತಿ ಇದೆಯೇ? ಒಬ್ಬನ ಅಭಿಪ್ರಾಯಕ್ಕಾಗಿ, ಪೂಜಾ ಪದ್ಧತಿಗಾಗಿ ಅವನ ಮೈಗೆ, ಮಾನಕ್ಕೆ, ಆಸ್ತಿಗೆ ಕೇಡು ಮಾಡಬಹುದೆಂದು ನಂಬುವಿರೋ? ಸತ್ಯವನ್ನು ಸತ್ಯಕ್ಕಾಗಿಯೇ ಪ್ರೀತಿಸಿ, ಹುಡುಕಿ, ಇತರರಿಗೂ ತಿಳಿಸುವಿರೋ? ಓದೆಷ್ಟು, ಆದಾಯವೆಷ್ಟು, ಯಾರ ಮಗ ಎಂಬ ವಿಚಾರಣೆ ಈ ನಾಲ್ಕರಲ್ಲಿ ಇಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ಬರುವವನ ಮನಸ್ಸನ್ನು.

ಒಳಗೆ ನಡೆಯುತ್ತಿದ್ದ ಮಾತುಕತೆಗೂ ಒಂದು ಕ್ರಮವಿತ್ತು. ಪ್ರತಿಯೊಬ್ಬನೂ ಸರದಿಯಂತೆ ಒಂದು ಪ್ರಶ್ನೆ ತರಬೇಕು. ಮೂರು ತಿಂಗಳಿಗೊಮ್ಮೆ ತಾನೇ ಬರೆದ ಪ್ರಬಂಧ ಓದಬೇಕು. ಇವುಗಳ ಜೊತೆಗೆ ಪ್ರತಿ ಸಭೆಯಲ್ಲೂ ಕೇಳಲೆಂದು 24 ಪ್ರಶ್ನೆಗಳ ಒಂದು ಪಟ್ಟಿಯೇ ಇತ್ತು. ಒಂದೊಂದು ಪ್ರಶ್ನೆಯ ನಡುವೆ ಒಂದು ಲೋಟ ವೈನ್ ಹೀರುವಷ್ಟು ಬಿಡುವು. ಊರಲ್ಲಿ ಯಾರಾದರೂ ಈಚೆಗೆ ವ್ಯಾಪಾರದಲ್ಲಿ ಮೇಲೆ ಬಂದಿದ್ದಾರೆಯೇ, ಹೇಗೆ ಬಂದರು? ಯಾರಾದರೂ ದಿವಾಳಿ ಎದ್ದರೇ, ಕಾರಣವೇನಂತೆ? ಯಾರಿಗಾದರೂ ಕಾಯಿಲೆಯೋ ಗಾಯವೋ ಆಗಿತ್ತೇ, ಏನು ಮದ್ದು ಮಾಡಿದರು, ಗುಣವಾಯಿತೇ? ಹೊಸದಾಗಿ ಅಂಗಡಿ ತೆರೆದ ಯೋಗ್ಯ ಹುಡುಗ ಯಾರಾದರೂ ಇದ್ದಾನೆಯೇ, ಅವನಿಗೆ ಕೂಟದಿಂದ ಏನು ನೆರವಾಗಬಹುದು?

ಈ ಪಟ್ಟಿಯಲ್ಲಿ ಗೆದ್ದವನ ಕತೆಗೆ ಎಷ್ಟು ಜಾಗವಿದೆಯೋ ಸೋತವನ ಕತೆಗೂ ಅಷ್ಟೇ ಇದೆ. ಬಾಗಿಲು ಏಕೆ ಬೇಕು ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಗೆದ್ದದ್ದನ್ನು ಹೇಳಿಕೊಳ್ಳಲು ಸಂತೆಯೇ ಸಾಕು. ಕೈ ಸುಟ್ಟುಕೊಂಡದ್ದನ್ನು, ಮದ್ದು ಹೊಡೆದೂ ಬೆಳೆ ಕೈಬಿಟ್ಟದ್ದನ್ನು, ಸಾಲ ತೀರದೆ ಅಂಗಡಿ ಮುಚ್ಚಬೇಕಾಗಿ ಬಂದದ್ದನ್ನು ಹೇಳಲು ನಂಬಿಕೆಯ ನಾಲ್ಕು ಜನ ಬೇಕು. ಕಸುಬಿನ ನಿಜವಾದ ತಿಳಿವಳಿಕೆ ಇರುವುದು ಬಹುಮಟ್ಟಿಗೆ ಇಂಥ ಸೋಲುಗಳಲ್ಲೇ. ಸಾವಿರ ಜನರೆದುರು ಸೋಲನ್ನು ಹೇಳಿಕೊಳ್ಳುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ. ಹಾಗಾಗಿಯೇ ದೊಡ್ಡ ಗುಂಪುಗಳಲ್ಲಿ ಬಂಪರ್ ಬೆಳೆಯ ಫೋಟೋ ಬರುತ್ತದೆ, ಒಣಗಿದ ತೋಟದ ಫೋಟೋ ಬರುವುದಿಲ್ಲ.

ವಾದಕ್ಕೂ ಕಟ್ಟುಪಾಡಿತ್ತು. ನಿಜ ತಿಳಿಯಲು ಮಾತಾಡಬೇಕೇ ಹೊರತು ಗೆಲ್ಲಲು ಅಲ್ಲ ಎಂಬುದು ನಿಯಮ. ‘ಹೀಗೆಯೇ ಸರಿ’ ಎಂದು ಖಡಾಖಂಡಿತವಾಗಿ ಸಾಧಿಸುವುದು, ಇನ್ನೊಬ್ಬನ ಮಾತನ್ನು ನೇರಾನೇರ ಅಲ್ಲಗಳೆಯುವುದು ಎರಡೂ ನಿಷಿದ್ಧವಾದವು. ಮೀರಿದವರಿಗೆ ಸಣ್ಣ ದಂಡ. ಜೇಬಿನಿಂದ ಕಾಸು ಹೋಗುತ್ತದೆಂದರೆ ನಾಲಗೆ ತಾನಾಗಿ ಹದಕ್ಕೆ ಬರುತ್ತದೆ ಎಂಬ ವ್ಯವಹಾರ ಜ್ಞಾನ ಫ್ರಾಂಕ್ಲಿನ್‌ಗೆ ಆ ವಯಸ್ಸಿಗೇ ಇತ್ತು.

ಈ ಕೂಟದಿಂದ ಏನಾದರೂ ಪ್ರಯೋಜನವಾಯಿತೇ? ಮೊದಲ ಪ್ರಯೋಜನ ಫ್ರಾಂಕ್ಲಿನ್‌ಗೇ ಆಯಿತು. ಅವನೂ ಕೂಟದ ಇನ್ನೊಬ್ಬ ಸದಸ್ಯ ಮೆರೆಡಿತ್ತನೂ ಸೇರಿ ಸ್ವಂತ ಅಚ್ಚುಕೂಟ ತೆರೆದಿದ್ದರು. ಹಣ ಕೊಡುತ್ತೇನೆಂದಿದ್ದ ಮೆರೆಡಿತ್ತನ ತಂದೆಗೆ ಮಾತು ಉಳಿಸಿಕೊಳ್ಳಲಾಗಲಿಲ್ಲ. ಸಾಲಗಾರ ಕೋರ್ಟಿಗೆ ಹೋದ. ಯಂತ್ರ, ಅಚ್ಚುಮೊಳೆ ಎಲ್ಲವೂ ಹರಾಜಾಗುವ ಹೊತ್ತಿನಲ್ಲಿ ಕೂಟದ ಇಬ್ಬರು ಗೆಳೆಯರು, ವಿಲಿಯಂ ಕೋಲ್ಮನ್ ಮತ್ತು ರಾಬರ್ಟ್ ಗ್ರೇಸ್, ಒಬ್ಬರಿಗೊಬ್ಬರು ಹೇಳದೆಯೇ ಬಂದು ಬೇಕಾದ ಹಣ ಕೊಡುತ್ತೇವೆಂದರು. ಯಾರಿಗೂ ಬೇಸರವಾಗದಂತೆ ಫ್ರಾಂಕ್ಲಿನ್ ಇಬ್ಬರಿಂದಲೂ ಅರ್ಧರ್ಧ ಪಡೆದ. ವಾರಕ್ಕೊಮ್ಮೆ ಎದುರು ಬದುರು ಕೂತು ಮಾತಾಡಿದ ಪರಿಚಯವೇ ಅಲ್ಲಿ ಜಾಮೀನು.

ಕೂಟ ಚೆನ್ನಾಗಿ ನಡೆದರೆ ಜನ ಹೆಚ್ಚಲೇಬೇಕು. ನಮ್ಮ ಗೆಳೆಯರನ್ನೂ ಸೇರಿಸೋಣ ಎಂದು ಸದಸ್ಯರು ಒತ್ತಾಯಿಸಿದರು. ಫ್ರಾಂಕ್ಲಿನ್ ಒಪ್ಪಲಿಲ್ಲ. ಹನ್ನೆರಡನ್ನು ಇಪ್ಪತ್ತನಾಲ್ಕು ಮಾಡುವ ಬದಲು ಪ್ರತಿಯೊಬ್ಬನೂ ತನ್ನದೇ ಇನ್ನೊಂದು ಕೂಟ ಕಟ್ಟಲಿ, ಅದೇ ನಿಯಮಗಳನ್ನು ಇಟ್ಟುಕೊಳ್ಳಲಿ ಎಂದ. ಅದರಂತೆ ಐದಾರು ಮರಿಕೂಟಗಳು ಹುಟ್ಟಿದವು. ಬಾಳೆ ಬೆಳೆಯುವ ಕ್ರಮವೇ ಇದು. ತಾಯಿಗಿಡ ತೆಂಗಿನ ಮರದಷ್ಟು ಎತ್ತರವಾಗುವುದಿಲ್ಲ, ಪಕ್ಕದಲ್ಲಿ ಕಂದು ಬಿಡುತ್ತದೆ. ಜುಂಟೊ ಸುಮಾರು 40 ವರ್ಷ ಬಾಳಿತು.

ಇನ್ನು ಬಾಗಿಲಿನ ಇನ್ನೊಂದು ಕೆಲಸ. ಒಳಗೆ ಬರುವುದನ್ನು ತಡೆಯುವ ಬಾಗಿಲು ಹೊರಗೆ ಹೋಗುವುದನ್ನು ತಡೆಯಬಾರದು. ವಾದಕ್ಕೆ ಪುಸ್ತಕ ಬೇಕೆಂದು ಸದಸ್ಯರು ತಮ್ಮ ತಮ್ಮ ಪುಸ್ತಕಗಳನ್ನು ತಂದು ಒಂದೆಡೆ ಇಟ್ಟರು. ಎಲ್ಲರದೂ ಎಂದಾದ ಮೇಲೆ ನೋಡಿಕೊಳ್ಳುವವರಿಲ್ಲದೆ ಪುಸ್ತಕಗಳು ಹಾಳಾಗತೊಡಗಿದವು. ಒಂದು ವರ್ಷದಲ್ಲಿ ಎಲ್ಲರೂ ತಮ್ಮದನ್ನು ಮನೆಗೆ ಒಯ್ದರು. ಈ ಸೋಲಿನಿಂದಲೇ 1731ರಲ್ಲಿ ಊರಿನ ಚಂದಾ ಗ್ರಂಥಾಲಯ ಹುಟ್ಟಿತು. 50 ಮಂದಿ ಚಂದಾದಾರರು, ಆರಂಭಕ್ಕೆ ತಲಾ 40 ಷಿಲಿಂಗ್, ಆಮೇಲೆ ವರ್ಷಕ್ಕೆ 10 ಷಿಲಿಂಗ್. ಫಿಲಡೆಲ್ಫಿಯಾದ ‘ಲೈಬ್ರರಿ ಕಂಪನಿ’ ಇಂದಿಗೂ ಇದೆ. ಬೆಂಕಿ ಅನಾಹುತಗಳ ಬಗ್ಗೆ ಕೂಟದಲ್ಲಿ ಓದಿದ ಒಂದು ಪ್ರಬಂಧದ ಫಲವಾಗಿ 1736ರಲ್ಲಿ 30 ಜನರ ಅಗ್ನಿಶಾಮಕ ದಳವೊಂದು ಎದ್ದಿತು. ಸಭೆ ತಪ್ಪಿಸಿದವರ ದಂಡದ ಹಣದಿಂದಲೇ ಏಣಿ, ಕೊಕ್ಕೆ, ನೀರೆರಚುವ ಯಂತ್ರ ಬಂದವು. ಸೇರಬೇಕೆಂದವರು ಹೆಚ್ಚಾದಾಗ ಅಲ್ಲೂ ಅದೇ ಉತ್ತರ: ನೀವೇ ಇನ್ನೊಂದು ದಳ ಕಟ್ಟಿಕೊಳ್ಳಿ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸ್ತುತಿಪಾಠವಾದೀತು. ಗುಟ್ಟಿನ ಕೂಟಕ್ಕೆ ಗುಟ್ಟಿನ ರೋಗಗಳೂ ಇರುತ್ತವೆ. ಕಾಗದದ ನಾಣ್ಯ ಹೆಚ್ಚಬೇಕೇ ಎಂಬ ಚರ್ಚೆ ಜುಂಟೊದಲ್ಲಿ ನಡೆಯಿತು. ಬೇಕೆಂದು ಫ್ರಾಂಕ್ಲಿನ್ 1729ರಲ್ಲಿ ಹೆಸರು ಹಾಕದೆ ಒಂದು ಕಿರುಹೊತ್ತಗೆ ಹೊರತಂದ. ಶಾಸನಸಭೆ ಒಪ್ಪಿತು. ನೋಟು ಅಚ್ಚು ಹಾಕುವ ಲಾಭದ ಕೆಲಸ ಯಾರಿಗೆ ಸಿಕ್ಕಿತು? ಫ್ರಾಂಕ್ಲಿನ್‌ಗೇ. ಅದನ್ನವನು ಮುಚ್ಚಿಡಲಿಲ್ಲ, ಆತ್ಮಕತೆಯಲ್ಲಿ ಬರೆದಿದ್ದಾನೆ. ಮರಿಕೂಟಗಳಿಂದ ಸಾರ್ವಜನಿಕ ವಿಷಯಗಳಲ್ಲಿ ತಮ್ಮ ಪ್ರಭಾವ ಬೆಳೆಯುತ್ತದೆ ಎಂಬ ಲೆಕ್ಕವೂ ಅವನಿಗಿತ್ತು. ಸದುದ್ದೇಶದ ಕೂಟ ಗುಂಪುಗಾರಿಕೆಯಾಗಲು ಒಂದು ಹೆಜ್ಜೆ ಸಾಕು.

ಹೊರಗುಳಿದವರ ಮಾತೂ ಇದೆ. ಮನುಷ್ಯರೆಲ್ಲರನ್ನೂ ಪ್ರೀತಿಸುತ್ತೇನೆಂದು ಎದೆ ಮುಟ್ಟಿ ಹೇಳಿದ ಆ ಹನ್ನೆರಡು ಮಂದಿಯಲ್ಲಿ ಹೆಂಗಸರಿರಲಿಲ್ಲ, ಕಪ್ಪು ಜನರಿರಲಿಲ್ಲ. ಫ್ರಾಂಕ್ಲಿನ್ ಮನೆಯಲ್ಲೇ ಗುಲಾಮರಿದ್ದರು. ಅವನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಬರುತ್ತಿದ್ದವು. ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾಗಿ ಅವನು ಕುಳಿತದ್ದು 1787ರಲ್ಲಿ, 81ನೆಯ ವಯಸ್ಸಿನಲ್ಲಿ. ಬಾಗಿಲಿನ ಪ್ರಶ್ನೆಗಳು ಎಷ್ಟೇ ಚೆನ್ನಾಗಿದ್ದರೂ ಬಾಗಿಲ ತನಕ ಬರಲು ಯಾರಿಗೆ ದಾರಿಯಿದೆ ಎಂಬುದು ಬೇರೆಯೇ ಪ್ರಶ್ನೆ.

ಕೊನೆಯದಾಗಿ ಹೆಸರಿನ ಮತ್ತು ಹಣದ ಮಾತು. ಗಾಜು ಕೂರಿಸುವ ಥಾಮಸ್ ಗಾಡ್‌ಫ್ರಿ ಸ್ವಂತ ಓದಿನಿಂದ ಗಣಿತ ಕಲಿತವನು. ನಾವಿಕರು ಸೂರ್ಯನ ಎತ್ತರ ಅಳೆದು ತಾವಿರುವ ಅಕ್ಷಾಂಶ ತಿಳಿಯುವ ಉಪಕರಣವೊಂದನ್ನು 1730ರ ಸುಮಾರಿಗೆ ರೂಪಿಸಿದ. ಅದೇ ಹೊತ್ತಿಗೆ ಲಂಡನ್ನಿನ ಜಾನ್ ಹ್ಯಾಡ್ಲಿಯೂ ಸ್ವತಂತ್ರವಾಗಿ ಅಂಥದೇ ಉಪಕರಣ ಮಾಡಿದ್ದ. ಫಿಲಡೆಲ್ಫಿಯಾದ ಹಿರಿಯರೊಬ್ಬರು ಗಾಡ್‌ಫ್ರಿಯ ಪರವಾಗಿ ಲಂಡನ್ನಿಗೆ ಪತ್ರ ಬರೆದರೂ ಲೋಕದಲ್ಲಿ ಉಳಿದದ್ದು ಹ್ಯಾಡ್ಲಿಯ ಹೆಸರು. ಫ್ರಾಂಕ್ಲಿನ್‌ನ ಕತೆ ಇನ್ನೊಂದು ಬಗೆ. ಕಡಿಮೆ ಸೌದೆಯಲ್ಲಿ ಕೋಣೆ ಬೆಚ್ಚಗಿಡುವ ಒಲೆಯನ್ನು ಅವನು ರೂಪಿಸಿದಾಗ ರಾಜ್ಯಪಾಲ ಪೇಟೆಂಟ್ ಕೊಡುತ್ತೇನೆಂದ. ಬೇರೆಯವರು ಕಂಡುಹಿಡಿದದ್ದರ ಲಾಭ ನಾವು ಪಡೆಯುತ್ತಿರುವಾಗ ನಮ್ಮದನ್ನೂ ಬಿಟ್ಟಿಯಾಗಿ ಕೊಡಬೇಕು ಎಂದು ಫ್ರಾಂಕ್ಲಿನ್ ಬೇಡವೆಂದ. ಲಂಡನ್ನಿನ ಕಬ್ಬಿಣದ ವ್ಯಾಪಾರಿಯೊಬ್ಬ ಅದನ್ನು ಅಷ್ಟಿಷ್ಟು ಬದಲಿಸಿ ಪೇಟೆಂಟ್ ಪಡೆದು ಹಣ ಮಾಡಿದ. ಕೈತುಂಬ ಸಂಪಾದನೆಯಿದ್ದ ಫ್ರಾಂಕ್ಲಿನ್‌ಗೆ ಅದು ನಕ್ಕು ಬಿಡುವ ಸಂಗತಿಯಾಗಿರಬಹುದು. ಎಲ್ಲರಿಗೂ ಹಾಗಲ್ಲ.

ಕೇರಳದ ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನವರನ್ನು ನೆನೆಯಿರಿ. 1987ರಲ್ಲಿ ಅಲ್ಲಿ ಕಾಡು ಸುತ್ತುತ್ತಿದ್ದ ವಿಜ್ಞಾನಿಗಳು ಏದುಸಿರು ಬಿಡುತ್ತಿದ್ದರೆ ದಾರಿ ತೋರಿಸಲು ಬಂದಿದ್ದ ಕಾಣಿಗಳು ಒಂದು ಕಾಯಿ ತಿಂದು ದಣಿವಿಲ್ಲದೆ ನಡೆಯುತ್ತಿದ್ದರು. ಗಿಡ ಯಾವುದೆಂದು ಹೇಳಲು ಅವರು ಹಿಂಜರಿದರು. ಅದು ಕುಲದ ಗುಟ್ಟು. ಒತ್ತಾಯದ ಮೇಲೆ ತೋರಿಸಿದರು. ಅದೇ ಆರೋಗ್ಯಪಚ್ಚ. ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ಅದರಿಂದ ‘ಜೀವನಿ’ ಎಂಬ ಔಷಧಿ ತಯಾರಿಸಿ 1995ರಲ್ಲಿ ಕಂಪನಿಯೊಂದಕ್ಕೆ ಪರವಾನಗಿ ಕೊಟ್ಟಿತು. 10 ಲಕ್ಷ ರೂಪಾಯಿ ಶುಲ್ಕ, ಶೇ 2ರ ರಾಯಧನ. ಅದರಲ್ಲಿ ಅರ್ಧ ಕಾಣಿಗಳಿಗೆ ಎಂದಾಯಿತು. ಹಣ ಪಡೆಯಲು 1997ರಲ್ಲಿ ಅವರದೇ ಟ್ರಸ್ಟ್ ನೋಂದಣಿಯಾಯಿತು. ತಿಳಿವಳಿಕೆ ಕೊಟ್ಟವರಿಗೆ ಪಾಲು ಕೊಟ್ಟ ಮಾದರಿಯೆಂದು ಇದು ಲೋಕಪ್ರಸಿದ್ಧ. ಆದರೆ ಗುಟ್ಟು ತೋರಿಸಿದವರು ಕೆಲವರು, ಗುಟ್ಟು ಇಡೀ ಕುಲದ್ದು. ಬೇರೆ ಹಾಡಿಗಳ ವೈದ್ಯರು ಇದನ್ನು ಮಾರುವ ಹಕ್ಕು ಯಾರು ಕೊಟ್ಟರು ಎಂದು ಕೇಳಿದರು. ಆ ಪ್ರಶ್ನೆಯ ತೂಕ ಇಂದಿಗೂ ಇಳಿದಿಲ್ಲ.

ಇಂಥ ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಂಡು ಹೊರಟದ್ದು ಅಹಮದಾಬಾದಿನ ಪ್ರಾಧ್ಯಾಪಕ ಅನಿಲ್ ಗುಪ್ತಾ 1980ರ ದಶಕದ ಕೊನೆಯಲ್ಲಿ ಆರಂಭಿಸಿದ ‘ಹನಿ ಬೀ’ ಜಾಲ. ಜೇನ್ನೊಣ ಮಕರಂದ ಹೀರಿದರೆ ಹೂವಿಗೆ ನಷ್ಟವಿಲ್ಲ, ಹೂವಿಂದ ಹೂವಿಗೆ ಪರಾಗವೂ ದಾಟುತ್ತದೆ. ಹಾಗೆಯೇ ರೈತನ, ಕಮ್ಮಾರನ ಉಪಾಯವನ್ನು ಬರೆದುಕೊಂಡರೆ ಅವನ ಹೆಸರು, ವಿಳಾಸ ಹಾಕಬೇಕು. ಒಪ್ಪಿಗೆ ಕೇಳಬೇಕು. ಬರೆದದ್ದನ್ನು ಅವನ ಭಾಷೆಯಲ್ಲೇ ಅವನಿಗೆ ಹಿಂತಿರುಗಿಸಬೇಕು. ಲಾಭ ಬಂದರೆ ಪಾಲು ಕೊಡಬೇಕು. ಈ ಜಾಲದ ಪತ್ರಿಕೆಯ ಕನ್ನಡ ರೂಪಕ್ಕೆ ಇಟ್ಟ ಹೆಸರು ‘ಹಿತ್ತಲಗಿಡ’. ಮದ್ದಲ್ಲ ಎಂದು ಗಾದೆ ತಳ್ಳಿಹಾಕಿದ ಗಿಡಕ್ಕೇ ಅಲ್ಲಿ ಗೌರವದ ಪೀಠ. ಪುತ್ತೂರಿನಲ್ಲಿ 1988ರಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು.

ಹಳ್ಳಿಯ ಹೈನುಗಾರರಿರಲಿ, ಪೇಟೆಯ ಪಂಪ್ ರಿಪೇರಿಯವರಿರಲಿ, ಇಂದು ಕೂಟ ಕಟ್ಟುವವರಿಗೆ ಇದರಿಂದ ಸಿಗುವ ಸೂತ್ರಗಳು ಸರಳ. ಕೂಟ ಸಣ್ಣದಿರಲಿ, ದೊಡ್ಡದಾದರೆ ಎರಡಾಗಲಿ. ಕರೆದು ತಂದವನು ಬಂದವನಿಗೆ ಜವಾಬ್ದಾರನಾಗಿರಲಿ. ಸೋಲಿನ ಕತೆಗೆ ಮೊದಲ ಸರದಿ ಕೊಡಿ. ಇಲ್ಲಿ ಕೇಳಿದ ಇನ್ನೊಬ್ಬರ ಕಷ್ಟವನ್ನು ಹೊರಗೆ ಒಯ್ಯಬೇಡಿ, ಇಲ್ಲಿ ಕಲಿತ ಉಪಾಯವನ್ನು ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರು ಹೇಳಿಯೇ ಒಯ್ಯಿರಿ. ಮಾರಲು ಬಂದವನು ತಾನು ವ್ಯಾಪಾರಿಯೆಂದು ಮೊದಲೇ ಹೇಳಲಿ. ವರ್ಷಕ್ಕೊಮ್ಮೆಯಾದರೂ ಲೆಕ್ಕ ಹಾಕಿ: ಈ ಕೂಟದಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು? ಹಾಲು ಕರೆಯುವ ಕೈ ಹೆಂಗಸಿನದಾಗಿದ್ದು, ಹೈನುಗಾರರ ಕೂಟದಲ್ಲಿ ಗಂಡಸರೇ ತುಂಬಿದ್ದರೆ ಅಲ್ಲಿ ಹಂಚಿಕೆಯಾಗುತ್ತಿರುವುದು ಅರ್ಧ ತಿಳಿವಳಿಕೆ ಮಾತ್ರ.